ನೀರಾನೆಯ ಆಕಳಿಕೆ ಎಷ್ಟು ಅಗಲ?

ಮಕ್ಕಳ ಪುಸ್ತಕಗಳ ಸಂಪಾದಕಿಗೆ ಆ ಬೆಳಿಗ್ಗೆ ತಲೆ ಚಿಟ್ಟುಹಿಡಿದಿತ್ತು. ಎರಡನೇ ತರಗತಿಗೆ ಹೊಸ ಪಠ್ಯಕ್ರಮ ಬಂದಿತ್ತು. ಅದಕ್ಕೆ ಹೊಂದದ ಕಥೆಪುಸ್ತಕವನ್ನು ಶಾಲೆಗಳು ಮುಟ್ಟುತ್ತಿರಲಿಲ್ಲ. ಅವಳು ಬರೆದದ್ದೋ, ಆಕಳಿಸುವ ನೀರಾನೆಯ ಕಥೆ. ಚಿತ್ರ ಅವಳ ತಂಗಿಯದು. ನೀರಾನೆ ಆಕಳಿಸುತ್ತದೆ, ನೋಡಿದವರೆಲ್ಲ ಆಕಳಿಸುತ್ತಾರೆ, ಕಾಡಿಗೆ ಕಾಡೇ ನಿದ್ದೆಹೋಗುತ್ತದೆ. ಅಷ್ಟೇ.

“ಇದ್ರಿಂದ ಮಕ್ಕಳು ಏನಮ್ಮ ಕಲೀತಾರೆ?” ಎಂದರು ಪ್ರಕಾಶಕರು.

“ನಗೋದು ಸರ್.”

“ನಗೋದು ಪಠ್ಯಕ್ರಮದಲ್ಲಿಲ್ಲ. ಅಳತೆ ಇದೆ. ಎಲ್ಲಾದ್ರೂ ತುರುಕು. ಇಲ್ಲಾಂದ್ರೆ ನಿನ್ನ ನೀರಾನೆ ಗೋದಾಮಲ್ಲೇ ಮಲಗುತ್ತೆ.”

ಅವರು ಅತ್ತ ಹೋದದ್ದೇ ತಡ, ಅವಳು ಪೆನ್ಸಿಲ್ ಬಿಸಾಡಿದಳು. ತಂಗಿ ಬಣ್ಣ ಮೆತ್ತಿದ ಕೈಯಲ್ಲೇ ಮೂಗು ಉಜ್ಜಿಕೊಂಡಳು.

“ಅಕ್ಕಾ, ಮುಖ ಊದಿಸ್ಕೋಬೇಡ. ನೀರಾನೆ ಬಾಯಿ ಎಷ್ಟು ಅಗಲ ಬಿಡಿಸ್ಬೇಕು ಅಂತ ನನಗೂ ಗೊತ್ತಾಗ್ತಿಲ್ಲ.”

“ನನಗೇನು ಗೊತ್ತು? ಹೋಗಿ ಅಳೆದೋರು ಯಾರು?”

ಅಂದವಳೇ ಗಕ್ಕನೆ ನಿಂತಳು. ಅಳೆದವರು ಯಾರು? ಇಲಿಯೊಂದು ತನ್ನ ಬಾಲದಿಂದಲೇ ಅಳೆಯಲು ಹೊರಟರೆ? ಮೂರು ಬಾಲ ಅಳೆಯುವಷ್ಟರಲ್ಲಿ ಅದಕ್ಕೇ ಆಕಳಿಕೆ ಬಂದು ಲೆಕ್ಕ ತಪ್ಪಿದರೆ?

“ಬಾಯಿ ತೆಗಿ!” ಎಂದು ತಂಗಿಯ ಬಾಯಿಗೆ ಗೇಣು ಹಾಕಲು ಹೋದಳು. ತಂಗಿ ಆಕಳಿಸಿದಳು. ಅಕ್ಕನಿಗೂ ಬಂತು. ಇಬ್ಬರೂ ಹೊಟ್ಟೆ ಹಿಡಿದು ನಕ್ಕು ನೆಲದ ಮೇಲೆ ಕುಕ್ಕರಿಸಿದರು. ಸಂಜೆಯೊಳಗೆ ಕಥೆಯಲ್ಲಿ ಇಲಿಯ ಹಿಂದೆ ಕೋತಿ, ಕೋತಿಯ ಹಿಂದೆ ಕೊಕ್ಕರೆ ಅಳೆಯಲು ಸಾಲುಗಟ್ಟಿದ್ದವು. ಇಲಿಗೆ ಬಾಲ, ಕೋತಿಗೆ ಕೈ, ಕೊಕ್ಕರೆಗೆ ಕಾಲೇ ಅಳತೆ; ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಕಾಡೆಲ್ಲ ಜಗಳವೋ ಜಗಳ.

ಶಾಲೆಗಳಿಗೆ ಪುಸ್ತಕ ಆರಿಸುವ ಸಮಿತಿಯ ಅಧ್ಯಕ್ಷೆ ನಗುವಿಗೂ ತನಗೂ ಎಣ್ಣೆ ಸೀಗೆಕಾಯಿ ಎಂಬಂತಿದ್ದ ಹೆಂಗಸು. ಸಭೆಯಲ್ಲಿ ಅಕ್ಕತಂಗಿಯರ ಎದುರೇ ಕಥೆಯನ್ನು ಗಂಭೀರವಾಗಿ ಓದತೊಡಗಿದರು. “ಕೊಕ್ಕರೆ ಕಾಲು ಚಾಚಿ...” ಎನ್ನುವಾಗ ಅವರ ದವಡೆ ಅದುರಿತು. ತಡೆದರು. ತಡೆಯಲಾಗಲಿಲ್ಲ. ಬಾಯಿ ಆ ಎಂದು ತೆರೆದೇಬಿಟ್ಟಿತು! ಪಕ್ಕದವರಿಗೆ ಬಂತು, ಎದುರಿನವರಿಗೆ ಬಂತು, ನೀರಿನ ಲೋಟ ಹಿಡಿದವರಿಗೆ ಅದನ್ನು ಕೆಳಗಿಡಲೂ ಪುರುಸೊತ್ತು ಸಿಗದೆ ನೀರೆಲ್ಲ ಮೇಜಿನ ಪಾಲಾಯಿತು. ಮೊದಲು ಕಿಸಕ್ಕೆಂದದ್ದು ಅಧ್ಯಕ್ಷೆಯೇ.

“ಕೊನೆಗೂ ಎಷ್ಟು ಅಗಲಮ್ಮ?” ಎಂದರು ಕಣ್ಣೊರೆಸಿಕೊಳ್ಳುತ್ತ.

“ಎಲ್ಲರೂ ಒಂದೇ ಅಳತೆಗೋಲು ಹಿಡಿಯೋವರೆಗೂ ಗೊತ್ತಾಗಲ್ಲ ಮೇಡಂ.”

“ಪಾಠಕ್ಕೆ ಬೇಕಾದ್ದೂ ಅದೇ ಅಲ್ವಾ? ಶಾಲೆಗೆ ಕಳಿಸಿ.”

ಅಕ್ಕತಂಗಿಯರು ಮೆಟ್ಟಿಲಿಳಿಯುವವರೆಗೆ ಉಸಿರು ಬಿಗಿಹಿಡಿದಿದ್ದರು. ಬೀದಿಗೆ ಬಂದದ್ದೇ ತಂಗಿ ಕುಣಿದಳು. ಯಾವತ್ತೂ ಬೀದಿಯಲ್ಲಿ ದನಿ ಎತ್ತದ ಅಕ್ಕ ಸಿಳ್ಳೆ ಹೊಡೆದಳು. ಬಸ್ಸು ಬಂತು, ಬಾಗಿಲು ತೆರೆಯಿತು, ಕಾದು ಕಾದು ಹೋಯಿತು. ಇಬ್ಬರೂ ನೋಡಲಿಲ್ಲ.