ಉಣರು ಎಂಬ ಒಂದು ಮಾತು

“ಇನ್ನೊಂದು ಪಿನ್ನು ಕೊಡಿ ಬಾವ,” ಎಂದು ಸುಮಿತ್ರ ಬಾಗಿಲ ಸಂದಿಯಿಂದ ಕೈ ಚಾಚಿದಳು. ಒಳಗೆ ಅವಳ ಅಕ್ಕ ಪ್ರೇಮಳ ಹೆಣಕ್ಕೆ ರವಿಕೆ ತೊಡಿಸುವ ಕೆಲಸ ನಡೆದಿತ್ತು. ಹೋದ ಕ್ರಿಸ್‌ಮಸ್ಸಿಗೆ ಹೊಲಿಸಿದ ರವಿಕೆ. ಬೆನ್ನಿಗೆ ಮೂರು ಪಿನ್ನು ಚುಚ್ಚಿದರೂ ದೊಗಳೆಯಾಗಿಯೇ ಇತ್ತು.

ದಿನಕರ ಪಿನ್ನು ಕೊಟ್ಟ.

“ಇವಳು ಇಷ್ಟು ಸಪೂರ ಆದದ್ದು ಯಾವಾಗ? ನೀವು ನೋಡ್ಲೇ ಇಲ್ವಾ?”

ನೋಡಿದ್ದ. ಹೆಂಡತಿ ಸೊರಗಿದ್ದನ್ನು ದಿನವೂ ನೋಡಿಯೂ ಸುಮ್ಮನಿದ್ದ. ಉಡುಪಿಯಿಂದ ರೈಲಿನಲ್ಲಿ ಅತ್ತುಕೊಂಡೇ ಬಂದ ನಾದಿನಿಗೆ ಇದನ್ನು ಯಾವ ಬಾಯಿಂದ ಹೇಳುವುದು?

ಕೊಚ್ಚಿಯ ಪಕ್ಕದ ಏಲೂರಿನ ಆ ಪುಟ್ಟ ಮನೆಯ ಅಂಗಳದಲ್ಲಿ ಶಾಮಿಯಾನ ಸಾಲದೆ ಜನ ರಸ್ತೆಯವರೆಗೆ ನಿಂತಿದ್ದರು. ಬ್ಯಾಂಕಿನ ನಿವೃತ್ತ ಗುಮಾಸ್ತನ ಹೆಂಡತಿಗೆ ಇಷ್ಟು ಜನ ಯಾಕೆ ಎಂದು ಹೊಸಬರು ಕೇಳಿದರೆ ಆಶ್ಚರ್ಯವಿಲ್ಲ. ಬಂದವರಿಗೆ ಅವಳು ಪ್ರೇಮ ಅಲ್ಲವೇ ಅಲ್ಲ, ‘ಉಪವಾಸದ ಅಮ್ಮಚ್ಚಿ’. ಇಪ್ಪತ್ತೆಂಟು ವರ್ಷ, ಪ್ರತಿ ಶುಕ್ರವಾರ ಮರುದಿನ ಬೆಳಗಾಗುವ ತನಕ ತೊಟ್ಟು ನೀರೂ ಮುಟ್ಟದೆ ಊರವರ ಕಷ್ಟಕ್ಕೆಲ್ಲ ಮೊಣಕಾಲೂರಿದವಳು. ಅವಳಿಂದಾಗಿ ದಿನಕರನಿಗೂ ಚರ್ಚಿನ ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿ ಸಿಕ್ಕಿತ್ತು, ಮತ್ತು ಅದರಲ್ಲಿ ಅವನು ಬಹಳ ಸುಖವಾಗಿ ಕುಳಿತಿದ್ದ.

ಹೆಂಗಸೊಬ್ಬಳು ಸುಮಿತ್ರಳ ಕೈ ಹಿಡಿದು ಮಲಯಾಳದಲ್ಲಿ ಏನೋ ಹೇಳಿ ಬಿಕ್ಕಿದಳು.

“ಎಂತಂತೆ ಬಾವ?”

“ಅವರ ಮಗನಿಗೆ ವೀಸಾ ಸಿಗ್ಲಿ ಅಂತ ಪ್ರೇಮ ಮೂರು ದಿನ ಉಪವಾಸ ಇದ್ಳಂತೆ.”

“ಸಿಕ್ಕಿತಂತಾ?”

“ಸಿಕ್ಕಿತಂತೆ. ದುಬೈಯಲ್ಲಿ ಇದ್ದಾನೆ.”

“ಅವ ಅಲ್ಲಿ ಹೊಟ್ಟೆ ತುಂಬ ಉಣ್ತಾ ಇರ್ಬಹುದು,” ಎಂದು ಸುಮಿತ್ರ ಕೈ ಬಿಡಿಸಿಕೊಂಡಳು.

ಪಾಸ್ಟರ್ ವಿನ್ಸೆಂಟ್ ತಿರುವನಂತಪುರದಿಂದ ಬೆಳಗಿನ ರೈಲಿನಲ್ಲಿ ಬಂದಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿದ್ದರೂ ದನಿ ಮಾತ್ರ ಹಳೆಯದೇ. ದಿನಕರನನ್ನು ಅಪ್ಪಿಕೊಂಡು ಮಗುವಿನ ಹಾಗೆ ಅತ್ತರು. ಒಳ್ಳೆಯ ಮನುಷ್ಯ, ಕಪಟ ಗೊತ್ತಿಲ್ಲ. ಅದೇ ಕಷ್ಟ.

“ದಿನಕರನ್ ಸಾರೇ, ಇವತ್ತು ಶುಕ್ರವಾರ, ಗಮನಿಸಿದಿರಾ? ದೇವರ ಲೆಕ್ಕ ತಪ್ಪುವುದಿಲ್ಲ. ಅಮ್ಮಚ್ಚಿಯ ವ್ರತ ಈ ಮನೆಯಲ್ಲಿ ನಿಲ್ಲಬಾರದು. ಮಣ್ಣಿಗೆ ಕೊಟ್ಟು ಬಂದ ಮೇಲೆ ನಿಶಾಮೋಳನ್ನು ಎಲ್ಲರ ಮುಂದೆ ನಿಲ್ಲಿಸೋಣ. ಅವಳು ಆಮೆನ್ ಅಂದರೆ ಸಾಕು.”

ನಿಶಾ ದಿನಕರನ ಒಬ್ಬಳೇ ಮಗಳು. ತಿರುವನಂತಪುರದಲ್ಲಿ ಶಾಲೆಯ ಟೀಚರು. ಕೇಳಿದವರಿಗೆ ಬೇಡ ಎನ್ನಲಾರದ ಹೆಣ್ಣು. ಆ ಗುಣ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ. ಆಮೆನ್ ಎಂದರೆ ಅಷ್ಟೇ. ತಾಯಿಯ ಶುಕ್ರವಾರಗಳೆಲ್ಲ ಸಾಲಾಗಿ ಬಂದು ಅವಳ ಬಾಗಿಲಲ್ಲಿ ನಿಲ್ಲುತ್ತವೆ. ಬೇಡ ಎನ್ನಲು ದಿನಕರ ಬಾಯಿ ತೆರೆದ. ಅಷ್ಟರಲ್ಲಿ ಯಾರೋ ಹೂವಿನ ಚಕ್ರ ತಂದರು.

*

ಇಪ್ಪತ್ತೆಂಟು ವರ್ಷದ ಹಿಂದೆ, ದಿನಕರ ಮತ್ತು ಪ್ರೇಮ ತಿರುವನಂತಪುರಕ್ಕೆ ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು. ಊರಿನ ಸಭೆಯ ಹಾಗೆ ಕನ್ನಡದ ಆರಾಧನೆ ಎಲ್ಲೂ ಇರಲಿಲ್ಲ. ತಂಪಾನೂರಿನ ಲಾಡ್ಜೊಂದರ ಮಾಳಿಗೆಯಲ್ಲಿ ಪ್ರಾರ್ಥನೆ ನಡೆಯುತ್ತದೆಂದು ಕೇಳಿ ಒಂದು ಶುಕ್ರವಾರ ಹೋದರು. ಬಿಸಿರಕ್ತದ ವಿನ್ಸೆಂಟ್ ಬೆವರು ಸುರಿಸುತ್ತ ಕೂಗುತ್ತಿದ್ದ: “ಉಣರೂ! ಉಣರೂ!”

ಪ್ರೇಮ ಗಂಡನ ಕಡೆ ಬಾಗಿದಳು. “ಯಾರು ಉಣ್ಣೂದಿಲ್ವಂತೆ?”

“ಸುಮ್ನಿರು.”

ಒಬ್ಬೊಬ್ಬರಾಗಿ ಜನ ಎದ್ದು ನಿಂತರು. ಅಕ್ಕಪಕ್ಕದವರೆಲ್ಲ ಎದ್ದ ಮೇಲೆ ತಾನೊಬ್ಬಳು ಕೂತಿರುವುದು ಹೇಗೆ? ಇಷ್ಟು ಜನ ಉಣ್ಣುವುದಿಲ್ಲ ಎನ್ನುವಾಗ ತಾನು ಉಣ್ಣುತ್ತೇನೆ ಎಂದು ಕೂರುವುದು ಮರ್ಯಾದೆಯಲ್ಲ ಎಂದು ಬಗೆದು ಅವಳೂ ಎದ್ದಳು. ಶುಭ ಶುಕ್ರವಾರದ ಉಪವಾಸ ಅವಳಿಗೆ ಗೊತ್ತಿದ್ದದ್ದೇ. ನೆರೆಮನೆಯಲ್ಲಿ ಕಲಿತ ನಾಲ್ಕು ಮಲಯಾಳ ಶಬ್ದ ಕೂಡಿಸಿ, “ಞಾನುಂ ಉಣ್ಣಿಲ್ಲ. ವೆಳ್ಳಿಯಾಳ್ಚ ಉಣ್ಣಿಲ್ಲ,” ಎಂದಳು. ನಾನೂ ಉಣ್ಣುವುದಿಲ್ಲ, ಶುಕ್ರವಾರ ಉಣ್ಣುವುದಿಲ್ಲ.

ಎಲ್ಲರೂ ತಿರುಗಿ ಅವಳನ್ನು ನೋಡಿದರು. ಆಮೇಲೆ ವಿನ್ಸೆಂಟ್ ಮೊಣಕಾಲೂರಿ “ಸ್ತೋತ್ರಂ” ಎಂದ. ಆ ಸಭೆಯ ಶುಕ್ರವಾರದ ಉಪವಾಸ ಪ್ರಾರ್ಥನೆ ಶುರುವಾದದ್ದು ಹೀಗೆ.

ಬಸ್ಸಿನಲ್ಲಿ ದಿನಕರ ಹೊಟ್ಟೆ ಹಿಡಿದುಕೊಂಡು ನಕ್ಕ. “ಉಣರು ಅಂದ್ರೆ ಎಚ್ಚರಾಗು ಅಂತ ಮಾರಾಯ್ತಿ. ಆತ್ಮ ಎಚ್ಚರಾದವರು ಏಳಿ ಅಂದದ್ದು ಅವರು.”

ಪ್ರೇಮಳ ಮುಖ ಬಾಡಿತು. “ಹಾಗಾದ್ರೆ ಮುಂದಿನ ವಾರ ಹೋಗಿ ಹೇಳಿ ಬಿಡುವಾ. ತಪ್ಪಿ ಹೇಳಿದ್ದು ಅಂತ.”

“ಈಗ ಹೇಳಿದ್ರೆ ಮಾನ ಹೋಗ್ತದೆ. ನಾಲ್ಕು ವಾರ ಮಾಡು, ಮತ್ತೆ ಅವರೇ ಮರೀತಾರೆ.”

ಅವರು ಮರೆಯಲಿಲ್ಲ.

*

ಕೊಚ್ಚಿಗೆ ವರ್ಗವಾದಾಗ ಪ್ರೇಮ ಸಾಮಾನು ಕಟ್ಟುತ್ತ ಹಾಡು ಗುನುಗಿದ್ದಳು. ಹೊಸ ಊರಿನ ಮೊದಲ ಶುಕ್ರವಾರ ಬಂಗುಡೆ ತಂದು, ಹುಳಿಮೆಣಸು ಅರೆದು, ಒಲೆಯ ಮೇಲಿಟ್ಟಳು. ಹೊತ್ತಿಗೆ ಸರಿಯಾಗಿ ಬಾಗಿಲು ಬಡಿಯಿತು. ಹೆಂಗಸರಿಬ್ಬರು ನಿಂತಿದ್ದರು. ಪಾಸ್ಟರ್ ವಿನ್ಸೆಂಟ್ ಫೋನು ಮಾಡಿದ್ದರಂತೆ. ಉಪವಾಸದ ಅಮ್ಮಚ್ಚಿ ಬಂದದ್ದು ತಮ್ಮ ಸಭೆಯ ಪುಣ್ಯವಂತೆ. ಪ್ರೇಮ ಸಾರಿಗೆ ಮುಚ್ಚಳ ಹಾಕಿ ಅವರೊಂದಿಗೆ ಮೊಣಕಾಲೂರಿದಳು. ಅವರು ಹೋದ ಮೇಲೆ ಆ ಸಾರನ್ನು ದಿನಕರನಿಗೆ ಬಡಿಸಿ ಎದುರು ಕುಳಿತಳು.

“ಪ್ರಾರ್ಥನೆ ನಂಗೆ ಬೇಡ ಅಂತ ಅಲ್ಲ,” ಎಂದಳು. “ನಿಮಗೊಂದು ಹೇಳ್ತೇನೆ, ಯಾರಿಗೂ ಹೇಳ್ಬೇಡಿ. ಶುಕ್ರವಾರ ನಂಗೆ ದೇವರು ನೆನಪಾಗೂದೇ ಇಲ್ಲ. ಅನ್ನ ಮಾತ್ರ ನೆನಪಾಗ್ತದೆ. ಶನಿವಾರ ಬೆಳಿಗ್ಗೆ ಗಂಜಿ ಬಾಯಿಗಿಟ್ಟಾಗ ದೇವರು ಇದ್ದಾನೆ ಅಂತ ಅನ್ನಿಸ್ತದೆ.”

ದಿನಕರ ಬಂಗುಡೆಯ ಮುಳ್ಳು ತೆಗೆಯುತ್ತ ಹೂಂಗುಟ್ಟಿದ. ಸಾರು ಚೆನ್ನಾಗಿತ್ತು. ವರ್ಷಗಳ ನಂತರ ಅವಳ ಹೊಟ್ಟೆಯ ಹುಣ್ಣಿಗೆ ಡಾಕ್ಟರು ಉಪವಾಸ ಕೂಡದೆಂದಾಗಲೂ ಅವನು ಹೂಂಗುಟ್ಟಿದ್ದಷ್ಟೇ.

*

ಮಣ್ಣು ಕೊಟ್ಟು ಬರುವಾಗ ಮಧ್ಯಾಹ್ನ ಮೀರಿತ್ತು. ಶಾಮಿಯಾನದ ಮೂಲೆಯಲ್ಲಿ ನೆರೆಯವರು ಗಂಜಿ, ಹೆಸರುಕಾಳಿನ ಪಲ್ಯ ತಂದಿಟ್ಟಿದ್ದರು. ಪ್ರಾರ್ಥನೆ ಮುಗಿಯದೆ ಬಡಿಸುವಂತಿಲ್ಲ. ಸುಮಿತ್ರ ಸೌಟು ಹಿಡಿದು ಪಾತ್ರೆಯ ಪಕ್ಕ ಕುಳಿತಿದ್ದಳು. ವಿನ್ಸೆಂಟ್ ಎದ್ದು ನಿಂತು, ಮಾಳಿಗೆಯ ಆ ಸಂಜೆಯ ಕತೆ ಹೇಳಿದರು. ಪವಿತ್ರಾತ್ಮವೇ ಬಂದು ಆ ಬಡಪಾಯಿ ಹೆಂಗಸಿನ ನಾಲಗೆ ಮುಟ್ಟಿತೆಂದರು. ನಿಶಾಳನ್ನು ಕರೆದರು.

ನಿಶಾ ಎದ್ದಳು. ಎರಡು ದಿನದಿಂದ ಅವಳು ಚಾ ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ.

ದಿನಕರನಿಗೆ ಇನ್ನು ಕುಳಿತಿರಲಾಗಲಿಲ್ಲ. “ಪಾಸ್ಟರೇ, ಅದು ಹಾಗಲ್ಲ,” ಎಂದು ಎದ್ದ. ಇದ್ದದ್ದನ್ನು ಇದ್ದ ಹಾಗೆ, ಎಲ್ಲರಿಗೂ ಕೇಳುವಂತೆ ಮಲಯಾಳದಲ್ಲಿ ಹೇಳಿದ. ನೀವು ಎಚ್ಚರಾಗು ಎಂದದ್ದು ಅವಳ ಕನ್ನಡದ ಕಿವಿಗೆ ಉಣ್ಣುವುದಿಲ್ಲ ಎಂದು ಕೇಳಿಸಿತು. ಅವಳು ಅದನ್ನು ತಿದ್ದಲು ಹೊರಟಿದ್ದಳು. ನನ್ನ ಮಾನ ಹೋಗುತ್ತದೆಂದು ನಾನೇ ತಡೆದೆ. ಅವಳು ಇಪ್ಪತ್ತೆಂಟು ವರ್ಷ ಹಸಿದದ್ದು ನನ್ನಿಂದ.

ಹೇಳಿ ಮುಗಿಸಿದಾಗ ಎದೆ ಹಗುರಾಯಿತು. ಜನ ತನ್ನನ್ನು ಉಗಿಯಲಿ, ಮುಂದಿನ ಕುರ್ಚಿ ಹೋಗಲಿ, ಮಗಳು ಬಿಡುಗಡೆಯಾದರೆ ಸಾಕು ಎಂದುಕೊಂಡ.

ವಿನ್ಸೆಂಟರ ಕಣ್ಣಿಂದ ನೀರು ಇಳಿಯುತ್ತಿತ್ತು. ಅವರು ಎರಡೂ ಕೈ ಮೇಲೆತ್ತಿದರು.

“ಕೇಳಿದಿರಾ ಮಕ್ಕಳೇ? ಬೈಬಲಿನಲ್ಲಿ ಪೆಂತೆಕೊಸ್ತಿನ ದಿನ ಪವಿತ್ರಾತ್ಮ ಇಳಿದಾಗ ಶಿಷ್ಯರ ಮಾತು ಒಬ್ಬೊಬ್ಬರಿಗೂ ಅವರವರ ಭಾಷೆಯಲ್ಲೇ ಕೇಳಿಸಲಿಲ್ಲವೇ? ನಾನು ಹೇಳಿದ್ದು ಮಲಯಾಳ. ದೇವರು ಅವಳಿಗೆ ಕೇಳಿಸಿದ್ದು ಕನ್ನಡ!”

“ಸ್ತೋತ್ರಂ!” ಶಾಮಿಯಾನ ಅದುರಿತು. ಯಾರೋ ದಿನಕರನ ಕಾಲು ಮುಟ್ಟಲು ಬಗ್ಗಿದರು. ಹೆಂಗಸರು ಹಾಡು ಎತ್ತಿಕೊಂಡು ನಿಶಾಳ ಸುತ್ತ ಕೂಡಿದರು. ಅವಳನ್ನು ಮೊಣಕಾಲ ಮೇಲೆ ಕೂರಿಸಿದರು. ಹತ್ತಾರು ಕೈಗಳು ಅವಳ ತಲೆಯ ಮೇಲೆ, ಹೆಗಲ ಮೇಲೆ ಕುಳಿತವು. ನಿಜ ಹೇಳಿದ್ದರಿಂದ ಬಲೆ ಇನ್ನಷ್ಟು ಬಿಗಿಯಾಯಿತಲ್ಲ ಎಂದು ದಿನಕರ ದಿಕ್ಕೆಟ್ಟ. ಇವರಿಗೆ ಇನ್ನು ಯಾವ ಮಾತು ಹೇಳಿದರೂ ಅದು ದೇವರ ಪವಾಡಕ್ಕೆ ಸಾಕ್ಷಿಯೇ ಆಗುತ್ತದೆ.

“ಮೋಳೇ, ಆಮೆನ್ ಹೇಳು,” ಎಂದರು ವಿನ್ಸೆಂಟ್, ಬಹಳ ಮೆಲ್ಲಗೆ.

ನಿಶಾ ಕೈಗಳ ನಡುವಿಂದ ತಂದೆಯನ್ನು ನೋಡಿದಳು. ಕನ್ನಡದಲ್ಲಿ ಏನು ಕೇಳಿದರೂ ಮಲಯಾಳದಲ್ಲೇ ಉತ್ತರಿಸಿ ಬೆಳೆದ ಹುಡುಗಿ. ಈಗ ಬೇರೆ ಯಾರಿಗೂ ತಿಳಿಯಬಾರದೆಂದೋ ಏನೋ, ತಾಯಿಯ ಭಾಷೆಯಲ್ಲಿ ಹೇಳಿದಳು.

“ಪಪ್ಪ, ನಂಗೆ ಹಸಿವಾಗ್ತಾ ಉಂಟು.”

ದಿನಕರ ಗಂಜಿಯ ಪಾತ್ರೆಯ ಬಳಿಗೆ ಹೋದ. ಸುಮಿತ್ರ ಬಟ್ಟಲು ತುಂಬಿಸಿ, ಪಲ್ಯ ಹಾಕಿ, ಚಮಚ ಇಟ್ಟು ಕೊಟ್ಟಳು. ಅವನು ಬಿಸಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಹೆಂಗಸರ ನಡುವೆ ನುಗ್ಗಿ, ಮಗಳ ಎದುರು ನೆಲದ ಮೇಲೆ ಕುಳಿತ.

“ಆಮೆನ್,” ಎಂದು ವಿನ್ಸೆಂಟ್ ನೆನಪಿಸಿದರು.

ನಿಶಾ ಬಾಯಿ ತೆರೆದಳು. ದಿನಕರ ಚಮಚ ತುಂಬ ಗಂಜಿ ಎತ್ತಿ ಅವಳ ಬಾಯಿಗಿಟ್ಟ. ಅವಳು ನುಂಗುವ ಮೊದಲೇ ಇನ್ನೊಂದು ತುತ್ತು. ಎರಡೂ ಕೆನ್ನೆ ಉಬ್ಬಿ, ಗಂಜಿಯ ತಿಳಿ ಗಲ್ಲದ ಮೇಲೆ ಇಳಿಯಿತು. ಅವಳು ಕಣ್ಣು ಮುಚ್ಚಿ ಅಗಿಯುತ್ತಿದ್ದಳು. ಹಾಡು ಒಂದು ಸಾಲಿನಲ್ಲಿ ತಡವರಿಸಿತು. ಅವಳ ತಲೆಯ ಮೇಲಿದ್ದ ಕೈಗಳು ಒಂದೊಂದಾಗಿ ಇಳಿಯತೊಡಗಿದವು.