ತೋಪಿನ ಮೇಲೆ ಬಿದ್ದ ಚೌಕ

ಹೊರಮಾವಿನ ತೋಪಿನಲ್ಲಿ ಮರ ಕಡಿಯುವ ಮುನ್ನ, ಕಡಿಯೋಣವೆಂದು ಮೊದಲ ಮಾತು ಎತ್ತಿದವರು ಮುನೇಶ್ವರನ ಎದುರು ಬುಡಕ್ಕೆ ಹಾಲೆರೆದು ತಪ್ಪಾಯಿತು ಎನ್ನಬೇಕು. ಒಣಕೊಂಬೆಗೂ ಅದೇ ಕಟ್ಟಳೆ. ಆ ಮೊದಲ ಮಾತಿಗೆ ಎಲ್ಲರೂ ಹೆದರಿದ್ದರಿಂದಲೇ, ಸುತ್ತ ಮನೆಗಳೆದ್ದರೂ ಅಲ್ಲಿನ ಹುಣಸೆ, ಹೊಂಗೆ, ನೇರಳೆಗಳು ತಮ್ಮ ಪಾಡಿಗೆ ತಾವು ನಿಂತಿದ್ದವು.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಪಂಚಾಯಿತಿ ಸದಸ್ಯ ಮುನಿಆಂಜನಪ್ಪ ಊರಸಭೆಯಲ್ಲಿ ಬಣ್ಣದ ನಕ್ಷೆಯೊಂದನ್ನು ಎತ್ತಿ ಹಿಡಿದ.

“ನಮ್ಮ ಹಂಸನ ಕಂಪ್ಯೂಟರ್ ಹೇಳೈತೆ ಕಣ್ರಪ್ಪಾ! ಮುಂದಕ್ಕೆ ಇಲ್ಲಿ ಬರೀ ಮುಳ್ಳುಕಂಟಿ. ಒಣಗೋ ಮರ ಕಾಯ್ಕೊಂಡ್ ಕೂರೋ ಬದ್ಲು ಕಲ್ಯಾಣಮಂಟಪ ಕಟ್ಟಾಣ.”

ಹಂಸ ಅವನ ಅಣ್ಣನ ಮಗಳು. ಮಳೆ ಬಿಸಿಲುಗಳ ಅಂಕಿ ಉಣಿಸಿದರೆ ಎಲ್ಲಿ ಎಂಥ ಗಿಡಮರ ಬೆಳೆದೀತೆಂದು ಹೇಳುವ ಕಂಪ್ಯೂಟರ್ ಮಾದರಿಯನ್ನು ಹಲಸೂರಿನ ಸಂಶೋಧನಾ ಕೇಂದ್ರವೊಂದರಲ್ಲಿ ನಡೆಸುತ್ತಿದ್ದಳು. ಯುಗಾದಿಗೆ ಬಂದ ಚಿಕ್ಕಪ್ಪ “ಏನಮ್ಮಾ ನಿನ್ ಕೆಲ್ಸ?” ಎಂದಾಗ ಹೆಮ್ಮೆಯಿಂದ ಆ ನಕ್ಷೆ ಕೊಟ್ಟಿದ್ದಳು. ಅದರ ಒಂದು ಚೌಕವೆಂದರೆ ಎಷ್ಟು ನೆಲ ಎಂದು ಮಾತ್ರ ಹೇಳಿರಲಿಲ್ಲ. ಹೊರಮಾವು, ಕೆ.ಆರ್. ಪುರ, ಕೋಲಾರದಾಚೆಯ ಬೆಂಗಾಡು ಎಲ್ಲ ಒಂದೇ ಚೌಕದೊಳಗಿದ್ದವು. ಎಲ್ಲಕ್ಕೂ ಸೇರಿ ಒಂದೇ ಸರಾಸರಿ ಮಳೆ. ಆ ಚೌಕ ಮುಳ್ಳುಕಂಟಿಯ ಕಂದು ಬಣ್ಣಕ್ಕೆ ತಿರುಗಿತ್ತು.

“ಸರ್, ಸಣ್ಣ ಚೌಕ ಹಾಕಿ ಇನ್ನೊಂದ್ಸಲ ನಡೆಸ್ಲಾ?” ಎಂದು, ಸಭೆಯ ಸುದ್ದಿ ತಿಳಿದ ಹಂಸ ಕೇಂದ್ರದ ಮುಖ್ಯಸ್ಥ ಶ್ರೀನಾಥ್‌ರನ್ನು ಕೇಳಿದಳು.

“ನಮ್ ರಿಪೋರ್ಟ್ ಇಡೀ ದಕ್ಷಿಣ ಭಾರತಕ್ಕೆ ರೀ. ನಿಮ್ಮೂರ ತೋಪಿಗಲ್ಲ.”

“ಊರೋರು ತೋಪಿಗೆ ಅಂತ್ಲೇ ಓದ್ಕೊಂಡಿದಾರೆ ಸರ್.”

“ಮಷೀನ್ ಖಾಲಿ ಇದ್ದಾಗ ಮಾಡ್ಕೊಳ್ಳಿ.”

ಸುತ್ತಲಿನ ಮಳೆಮಾಪನ ಕೇಂದ್ರಗಳ ಹಳೆಯ ಅಂಕಿಗಳನ್ನು ಕಾಡಿ ಬೇಡಿ ತಂದಳು. ದೊಡ್ಡ ಚೌಕವನ್ನು ಪುಟ್ಟ ಚೌಕಗಳಾಗಿ ಒಡೆದು, ಒಂದೊಂದಕ್ಕೂ ಅದರದೇ ಮಳೆ ಕೊಟ್ಟಳು. ಹೊರಮಾವು ಹಸಿರಾಗಿ ಬಂತು. ಹಂಸ ಪರದೆಗೇ ಕೈಮುಗಿದಳು.

ಮುಂದಿನ ಸಭೆಯಲ್ಲಿ ಹೊಸ ನಕ್ಷೆ ಬಿಡಿಸಿಟ್ಟಳು. “ಮೊದ್ಲಿನ್ ನಕ್ಷೇಲಿ ಕೋಲಾರದ ಕಡೆ ಬರಾನೂ ನಮ್ ತೋಪಿನ್ ಮೇಲೆ ಬಿದ್ದಿತ್ತು ಚಿಕ್ಕಪ್ಪಾ. ಇದು ನಮ್ ಮಳೆ. ಈ ಮರಗಳು ಒಣಗಲ್ಲ.”

ಮುನಿಆಂಜನಪ್ಪ ನಕ್ಷೆಯನ್ನು ಕಣ್ಣಿಗೊತ್ತಿಕೊಂಡ. “ಬಂಗಾರದಂಥಾ ಮಾತು! ಅಂದ್ಮೇಲೆ ಭಯ ಯಾಕ್ರಪ್ಪಾ? ಎಲ್ ನೆಟ್ರೂ ಮರ ಬತ್ತದೆ. ರಸ್ತೆ ಪಕ್ಕ ಸಸಿ ನೆಡಾಣ, ಇಲ್ಲಿ ಮಂಟಪ ಕಟ್ಟಾಣ.”

“ಹಾಗಲ್ಲ ಚಿಕ್ಕಪ್ಪಾ...”

“ಒಣಗ್ತದೆ ಅಂದೋಳೂ ನೀನೇ, ಬೆಳೀತದೆ ಅಂದೋಳೂ ನೀನೇ. ಎರಡ್ನೂ ಒಪ್ಕೊಂಡ್ವಲ್ಲವ್ವಾ, ಇನ್ನೇನ್ ಮಾಡಾಣ?”

ಜನ ಗೊಳ್ಳೆಂದು ನಕ್ಕರು. ನಗುತ್ತಲೇ ಮಂಟಪಕ್ಕೆ ಕೈ ಎತ್ತಿದರು.

ಕಡಿಯುವ ದಿನ ಹಂಸಳ ತಾಯಿ ಆಂಜನಮ್ಮ ಹಾಲಿನ ಚೊಂಬು ಹಿಡಿದು ಬಂದಳು. ಮೈದುನನಿಗೆ ಕೊಡುತ್ತಾಳೆಂದು ಹಂಸ ನೋಡುತ್ತಿದ್ದಳು. ಆಂಜನಮ್ಮ ಚೊಂಬನ್ನು ಮಗಳ ಕೈಗಿಟ್ಟಳು.

“ನಾನ್ ಕಡೀರಿ ಅಂದಿಲ್ಲಮ್ಮಾ.”

“ಮೊದಲ್ನೇ ಮಾತು ನಿಂದೇ ಅಲ್ವೇನೇ? ನಿನ್ ಹೆಸ್ರು ಹೇಳೇ ತಾನೇ ಅವ್ನು ಬಾಯ್ ತೆಗ್ದಿದ್ದು?”

ಯುಗಾದಿಯ ದಿನ ಚಿಕ್ಕಪ್ಪ ಮೊದಲಿನ ನಕ್ಷೆಯನ್ನು ಅಷ್ಟು ಜೋಪಾನವಾಗಿ ಮಡಿಸಿಕೊಂಡು ಹೋದದ್ದು ಯಾತಕ್ಕೆಂದು ಹಂಸಳಿಗೆ ಆಗ ತಿಳಿಯಿತು. ಮುನೇಶ್ವರನ ಮುಂದೆ ನಿಲ್ಲಲು ಅವನಿಗೊಬ್ಬರು ಬೇಕಾಗಿತ್ತು.

ಹುಣಸೆಯ ಬುಡದಲ್ಲಿ ಬಗ್ಗಿ ಹಾಲೆರೆದಳು. ತಪ್ಪಾಯಿತು ಎನ್ನುವ ಮೊದಲು ಹಾಲು ಹರಿದತ್ತ ನೋಡಿದಳು. ಹಾಲು ಸಮನಾಗಿ ಹರಡಲಿಲ್ಲ. ಒಂದು ಬೇರಿನ ಸಂದಿನಲ್ಲಿ ಮಡುಗಟ್ಟಿತು, ಗೇಣು ದೂರದ ಬೇರು ಒಣಗಿಯೇ ಉಳಿಯಿತು.

“ಬೇಗ ಮುಗಿಸವ್ವಾ,” ಎಂದ ಮುನಿಆಂಜನಪ್ಪ. “ಗರಗಸದೋರು ಕಾಯ್ತಾವ್ರೆ.”