ಎರಡೆಸಳಿನ ಕವಾಟ

ಬೀಗ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಸೋದರಮಾವನ ಮನೆಯೂ ಕಾರ್ಯಾಗಾರವೂ ಇವೆ. ಶಾಲೆ ಕಾಲೇಜುಗಳಲ್ಲಿ ಪಾಠಕ್ಕೆ ಬೇಕಾಗುವ ಕಿವಿ, ಕಣ್ಣು, ಮೂತ್ರಪಿಂಡಗಳನ್ನು ನಾವು ಮೇಣದಲ್ಲಿ ಎರಕ ಹೊಯ್ದು ಬಣ್ಣ ಬಳಿದು ಕೊಡುತ್ತೇವೆ. ಎಂಟನೇ ತರಗತಿಯನ್ನು ನಡುವೆಯೇ ಬಿಟ್ಟವಳು ನಾನು. ಆಮೇಲೆ ಕಲಿತದ್ದೆಲ್ಲ ಈ ಮೇಜಿನ ಮೇಲೆ.

ಹೋದ ವರ್ಷ ದಾದಿಯರ ಕಾಲೇಜಿನ ಮೇಡಂ ಒಬ್ಬರು ಬಂದು, ಬಡಿಯುವ ಹೃದಯವೊಂದು ಬೇಕು ಎಂದರು. "ಮೇಣದ್ದು ತೋರಿಸಿದ್ರೆ ನಮ್ಮ ಹುಡುಗೀರು ಆಕಳಿಸ್ತಾರೆ ಸಾರ್. ರಕ್ತ ಓಡೋದು ಕಣ್ಣಿಗೆ ಕಾಣ್ಬೇಕು."

ಮಾವ ಮೂರು ತಿಂಗಳು ಅದರಲ್ಲೇ ಮುಳುಗಿದರು. ಆಳೆತ್ತರದ ಹಲಗೆಯ ಮೇಲೆ ಗಾಜಿನ ಕೊಳವೆಗಳು, ನಡುವೆ ಒಳಗಿನದು ಕಾಣುವಂಥ ತಿಳಿ ರಬ್ಬರಿನ ಹೃದಯ, ಅದನ್ನು ಹಿಂಡಿ ಬಿಡುವ ಸಣ್ಣ ಮೋಟಾರು. ಎಲ್ಲ ಕೊಳವೆಗಳಲ್ಲೂ ಓಡುವುದು ಒಂದೇ ನೀರು, ಅದರಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಮಣಿಗಳು. ಗಾಜಿಗೆ ಮಾತ್ರ ಬಣ್ಣ. ಉಸಿರುಗಾಳಿ ಕುಡಿದ ರಕ್ತದ ದಾರಿ ಕೆಂಪು, ಅದನ್ನು ಮೈಗೆಲ್ಲ ಹಂಚಿ ಬರಿಗೈಯಲ್ಲಿ ಮರಳುವ ರಕ್ತದ ದಾರಿ ನೀಲಿ. ಬಣ್ಣ ಬಳಿದವಳು ನಾನು.

"ರಕ್ತ ನಿಜವಾಗ್ಲೂ ನೀಲಿ ಇರುತ್ತಾ ಮಾವ?"

"ಎಲ್ಲಿಯ ನೀಲಿ! ಕಪ್ಪಿಗೆ ತಿರುಗಿದ ಕೆಂಪು, ಅಷ್ಟೆ. ದಾರಿ ತಪ್ಪದಿರ್ಲಿ ಅಂತ ನೀಲಿ. ನೋಡು, ಮೈಯಿಂದ ಬಂದದ್ದು ಬಲಗಡೆ ಮೇಲ್ಕೋಣೆಗೆ ಇಳಿಯುತ್ತೆ, ಕೆಳಕೋಣೆಗೆ ಬರುತ್ತೆ, ಅಲ್ಲಿಂದ ಶ್ವಾಸಕೋಶಕ್ಕೆ. ಗಾಳಿ ತಗೊಂಡು ಎಡಗಡೆಗೆ ವಾಪಸ್. ಎಡಗಡೆ ಕೆಳಕೋಣೆ ಒಂದು ಒದೆ ಕೊಟ್ರೆ ಮತ್ತೆ ಮೈಗೆಲ್ಲ. ಒಂದು ಸುತ್ತಿಗೆ ಒಂದು ನಿಮಿಷ. ಹಗಲೂ ರಾತ್ರಿ ಇದೇ ಕೆಲಸ, ಒಂದು ದಿನ ರಜೆ ಇಲ್ಲ."

"ನನ್ನ ಥರಾನೇ," ಎಂದರು ಪಾತ್ರೆ ಉಜ್ಜುತ್ತಿದ್ದ ಅತ್ತೆ.

ಕೋಣೆಯಿಂದ ಕೋಣೆಗೆ ದಾಟಿದ ನೀರು ಹಿಂದಕ್ಕೆ ಬರದಂತೆ ಕವಾಟಗಳಿರಬೇಕು. ಬಲಗಡೆಯದಕ್ಕೆ ಮೂರು ಎಸಳು, ಎಡಗಡೆಯದಕ್ಕೆ ಎರಡು. ಎಸಳುಗಳು ಹಿಮ್ಮೊಗವಾಗಿ ಮಗುಚದಂತೆ ಸಣ್ಣ ದಾರಗಳಿಂದ ಕೋಣೆಯ ಗೋಡೆಗೆ ಬಿಗಿಯಬೇಕು. ಆ ಹೊಲಿಗೆ ನನ್ನದು. ರೇಷ್ಮೆ ದಾರವನ್ನು ಇಡೀ ದಿನ ನೀರಲ್ಲಿ ನೆನೆಹಾಕಿ, ತೂಕ ಕಟ್ಟಿ ಎಳೆದು, ಆಮೇಲೆ ಅಳತೆಗೆ ಕತ್ತರಿಸುವುದು ಮಾವನ ಕ್ರಮ. ಒಣದಾರ ಹಾಕಿದರೆ ಒಳಗೆ ನೆನೆದು ಉದ್ದವಾಗುತ್ತದೆ. ಬಲಗಡೆಯದಕ್ಕೆ ನೆನೆದ ದಾರ ಹಾಕಿದೆ. ಎಡಗಡೆಗೆ ಬರುವಷ್ಟರಲ್ಲಿ ಅದು ಮುಗಿದಿತ್ತು. ಇನ್ನೊಂದು ದಿನ ಕಾಯಬೇಕೆಂದು ಹೇಳಲು ಬಾಯಿ ಬರಲಿಲ್ಲ. ಒಣದಾರದಲ್ಲೇ ಹೊಲಿದೆ.

ಮೋಟಾರಿನ ವೇಗ ಎಷ್ಟಿರಬೇಕು ಎಂಬ ಮಾತು ಬಂದಾಗ ಮಾವ ಗಡಿಯಾರ ನೋಡಲಿಲ್ಲ. ಒಂದು ಕೈಯ ಮೇಲೆ ಇನ್ನೊಂದು ಕೈಯ ಬೆರಳಿಟ್ಟು ತಮ್ಮ ನಾಡಿ ಹಿಡಿದರು. ಅವರು "ಹೂಂ, ಹೂಂ, ಹೂಂ" ಎನ್ನುತ್ತಾ ಹೋದಂತೆ ನಾನು ತಿರುಪು ತಿರುಗಿಸಿದೆ. ಎರಡೂ ಒಂದಾದಾಗ "ಕೂತ್ಕೊಂಡ್ತು" ಎಂದು ತಿರುಪಿನ ಮೇಲೆ ಬಿಸಿ ಅರಗು ಸುರಿದು ಮುದ್ರೆಯೊತ್ತಿದರು. ಸೋರಿಕೆ ಇದೆಯೋ ಇಲ್ಲವೋ ತಿಳಿಯಲು ಒಂದು ತಿಂಗಳು ನಿಲ್ಲಿಸದೆ ಓಡಿಸಬೇಕಿತ್ತು.

ಮೂರನೆಯ ದಿನ ನನಗೊಂದು ವಿಷಯ ಕಂಡಿತು. ಮಾವ ಹೊರಗೆ ಹೋಗಿದ್ದರು. ಸುಮ್ಮನೆ ಬಡಿಯುತ್ತಿದ್ದ ಯಂತ್ರ ಇದ್ದಕ್ಕಿದ್ದಂತೆ ಚುರುಕಾಯಿತು. ಆಮೇಲೆ ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು ಕೇಳಿತು. ಅವರು ಕೂತು ಸುಧಾರಿಸಿಕೊಂಡಂತೆ ಅದೂ ನಿಧಾನವಾಯಿತು. ಮರುದಿನವೂ ಹಾಗೇ. ಮಧ್ಯಾಹ್ನ ಅವರು ಚಾಪೆಯ ಮೇಲೆ ಕಣ್ಣು ಮುಚ್ಚಿದರೆ ಮಣಿಗಳು ತೂಕಡಿಸುವಂತೆ ತೆವಳುತ್ತಿದ್ದವು. ನಾನು ಯಾರಿಗೂ ಹೇಳಲಿಲ್ಲ. ಅತ್ತೆ ನನ್ನನ್ನು ಗುಮ್ಮನಗುಸುಕಿ ಎಂದು ಕರೆಯುವುದು ಸುಮ್ಮನಲ್ಲ.

ಎರಡನೆಯ ವಾರ, ಎಡಗಡೆಯ ಕವಾಟ ಮುಚ್ಚುವ ಹೊತ್ತಿಗೆ, ಒಂದು ಬಿಳಿ ಮಣಿ ಹಿಂದಕ್ಕೆ ನುಸುಳಿತು. ಮರುದಿನ ಎರಡು. ನಾಲ್ಕು ದಿನ ಕಳೆಯುವಷ್ಟರಲ್ಲಿ ಒಂದೊಂದು ಬಡಿತಕ್ಕೂ ಹಿಡಿಯಷ್ಟು ಮಣಿಗಳು ಬಂದ ದಾರಿಗೇ ಮರಳುತ್ತಿದ್ದವು. ಅದೇ ನಾಲ್ಕು ದಿನಗಳಲ್ಲಿ ಮಾವನಿಗೆ ಮೆಟ್ಟಿಲ ನಡುವೆ ನಿಂತು ಉಸಿರು ತೆಗೆದುಕೊಳ್ಳುವಂತಾಯಿತು. ಕಾಲು ಊದಿತು. ತುಟಿಗೆ ನಾನು ಕೊಳವೆಗೆ ಬಳಿದ ನೀಲಿಯ ಛಾಯೆ ಬಂತು.

ಅತ್ತೆ ಬೈದು ಆಸ್ಪತ್ರೆಗೆ ಕರೆದೊಯ್ದರು. ಸ್ಕ್ಯಾನ್ ನೋಡಿದ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ಕೊಟ್ಟಿದ್ದರು. ಎಡಗಡೆಯ ಎರಡೆಸಳಿನ ಕವಾಟ. ದಾರಗಳು ಜಗ್ಗಿ ಉದ್ದವಾಗಿವೆ, ಎಸಳು ಹಿಂದಕ್ಕೆ ಮಗುಚುತ್ತಿದೆ, ರಕ್ತ ಮರಳಿ ಸೋರುತ್ತಿದೆ. ಎದೆ ತೆರೆದು ಸರಿಮಾಡಬೇಕು. ಮೂರು ವಾರದ ನಂತರದ ತಾರೀಕು ಕೊಟ್ಟಿದ್ದರು. ಅಲ್ಲಿಯತನಕ ತಡೆದರೆ ಪುಣ್ಯ ಎಂದು ಅತ್ತೆಗೆ ಮಾತ್ರ ಹೇಳಿದ್ದರಂತೆ.

ಆ ಚಿತ್ರ ನನ್ನ ಹೊಲಿಗೆಯದೇ ಆಗಿತ್ತು.

ಹೇಳದೆ ಉಳಿಯಲು ಆಗಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡು ಎಲ್ಲ ಹೇಳಿದೆ: ಒಣದಾರ, ಚಪ್ಪಲಿ ಸದ್ದು, ಮಣಿಗಳು. ಮಾವ ನಕ್ಕರು. "ತಲೆ ಕೆಟ್ಟಿದೆಯೇನೇ? ರಬ್ಬರಿಗೂ ನನಗೂ ಯಾವ ಸಂಬಂಧ?" ನಗುತ್ತಲೇ ನಾಡಿಯ ಮೇಲೆ ಬೆರಳಿಟ್ಟು ಯಂತ್ರದ ಕಡೆ ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ಕೈ ತೆಗೆದು ಪಂಚೆಗೆ ಒರೆಸಿಕೊಂಡರು.

"ಬಿಚ್ಚಿ ಹೊಲಿ," ಎಂದರು.

"ಬಿಚ್ಚಬೇಕಾದ್ರೆ ನಿಲ್ಲಿಸ್ಬೇಕು ಮಾವ."

ಮೂವರೂ ಯಂತ್ರದ ಕಡೆ ತಿರುಗಿದೆವು. ಅದು ಸ್ವಲ್ಪ ಅವಸರದಲ್ಲಿ ಬಡಿಯುತ್ತಿತ್ತು.

ಕೊಳವೆಗಳಿಗೆ ನೀರು ತುಂಬಲು ನಮ್ಮಲ್ಲೊಂದು ರಬ್ಬರ್ ಬುಡ್ಡೆ ಇದೆ. ಹಿಂಡಿದರೆ ನೀರು ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಅದರ ಒಂದು ತುದಿಯನ್ನು ಶ್ವಾಸಕೋಶದಿಂದ ಬರುವ ಕೆಂಪು ಕೊಳವೆಗೆ, ಇನ್ನೊಂದು ತುದಿಯನ್ನು ಮೈಗೆ ಹೋಗುವ ದೊಡ್ಡ ಕೊಳವೆಗೆ ಜೋಡಿಸಿದೆ. ಹೃದಯದ ಎಡಭಾಗಕ್ಕೆ ಹೋಗದೆಯೂ ನೀರು ಸುತ್ತಬಹುದು, ಯಾರಾದರೂ ಹಿಂಡುತ್ತಿದ್ದರೆ. ಬಲಭಾಗವನ್ನು ನಾನು ಎಡಗೈಯಿಂದ ಒತ್ತುತ್ತಿರಬೇಕು. ಮರುದಿನ ಬೆಳಗ್ಗೆ ಹತ್ತಕ್ಕೆ, ನೆನೆದ ದಾರ ಕತ್ತರಿಸಿಟ್ಟುಕೊಂಡು, ಕೆಲಸ ಶುರುಮಾಡಿದೆವು. ಮಾವ ಬೆಂಚಿನ ಮೇಲೆ ಅಂಗಾತ ಮಲಗಿದರು. ಅತ್ತೆ ಬುಡ್ಡೆ ಹಿಡಿದು ಕೂತರು.

"ಮದುವೆಯಾದಾಗಿಂದ ತಮ್ಮ ಹೃದಯ ನನ್ನ ಕೈಲಿದೆ ಅಂತಿದ್ರು ಇವರು. ಈಗ ನೋಡು, ಕೈ ನೋವು!"

"ಮಾತು ಕಡಿಮೆ ಮಾಡಿ ಹಿಂಡೇ," ಎಂದರು ಮಾವ, ಕಣ್ಣು ಮುಚ್ಚಿಕೊಂಡೇ.

ನಾನು ಮುದ್ರೆ ಒಡೆದು ಮೋಟಾರು ನಿಲ್ಲಿಸಿದೆ. ಕತ್ತರಿಯಿಂದ ರಬ್ಬರ್ ಸೀಳಿದೆ. ಒಳಗೆ ಎಸಳು ಮಗುಚಿಕೊಂಡು, ಜೋತುಬಿದ್ದ ದಾರಗಳು ನೀರಲ್ಲಿ ತೇಲುತ್ತಿದ್ದವು. ಬಲಗೈಯಿಂದ ಒಂದೊಂದನ್ನೇ ಬಿಡಿಸಿ ಹೊಸದನ್ನು ಪೋಣಿಸಿದೆ. ಐದನೆಯದು ಮುಗಿದು ಆರನೆಯದಕ್ಕೆ ಸೂಜಿ ಎತ್ತಿದ್ದೆ.

"ಅಕ್ಕಾ, ಏಣಿ ಇದೆಯಾ?" ಕೆಳಗಿನ ಅಂಗಡಿಯ ಬೀಗದವನು ಬಾಗಿಲಲ್ಲಿ ನಿಂತಿದ್ದ.

ಅತ್ತೆ ತಿರುಗಿದರು. "ಮೂಲೇಲಿದೆ ನೋಡಪ್ಪ..."

ಅವರ ಕೈ ನಿಂತಿತು. ಕೆಂಪು ಕೊಳವೆಯಲ್ಲಿ ಮಣಿಗಳು ನಿಂತವು, ನಿಂತಲ್ಲೇ ನಿಧಾನವಾಗಿ ಕೆಳಗೆ ಕೂರತೊಡಗಿದವು. ಬೆಂಚಿನ ಮೇಲೆ ಮಾವನ ಬಾಯಿ ತೆರೆಯಿತು. ಅದರಿಂದ ಏನೂ ಬರಲಿಲ್ಲ. ಮುಖ ನಮ್ಮ ಕಪಾಟಿನ ಮೇಣದ ಮುಖಗಳಂತೆ ಆಯಿತು.

"ಹಿಂಡಿ!" ಎಂದೆ. ಅಷ್ಟು ದೊಡ್ಡ ದನಿ ನನ್ನೊಳಗಿತ್ತೆಂದು ನನಗೇ ಗೊತ್ತಿರಲಿಲ್ಲ. ಅತ್ತೆ ಹಿಂಡಿದರು. ನಾಲ್ಕು ಬಡಿತಗಳಷ್ಟು ಹೊತ್ತು ಹೋಗಿತ್ತು. ಮಾವ ನೀರಿನಿಂದ ಮೇಲೆದ್ದವರಂತೆ ಉಸಿರೆಳೆದರು. ಬೀಗದವನು ಏಣಿ ಮರೆತು ಗೋಡೆಗೆ ಅಂಟಿಕೊಂಡ.

ಆರನೆಯ ದಾರ ಬಿಗಿದೆ. ರಬ್ಬರಿಗೆ ಅಂಟು ಹಾಕಿ, ಗುಳ್ಳೆ ಉಳಿಯದಂತೆ ನೀರು ತುಂಬಿ, ಕೊಳವೆ ಮೊದಲಿನಂತೆ ಜೋಡಿಸಿದೆ. ಇನ್ನು ಮೋಟಾರು ಹಾಕಿ ಬಡಿತ ಹೊಂದಿಸಬೇಕು. ಮಾವ ಮಲಗಿದಲ್ಲಿಂದಲೇ ಕೈ ಚಾಚಿದರು, ನಾಡಿ ಹಿಡಿದುಕೋ ಎನ್ನುವಂತೆ. ಆ ಕೈ ತೆಳ್ಳಗಿತ್ತು, ನೀಲಿ ನರಗಳು ಎದ್ದಿದ್ದವು. ನಾನು ಅದನ್ನು ಮೆಲ್ಲಗೆ ಅವರ ಎದೆಯ ಮೇಲೆ ಮಡಚಿಟ್ಟೆ. ನನ್ನ ನಾಡಿಯ ಮೇಲೆ ಬೆರಳಿಟ್ಟು ತಿರುಪು ತಿರುಗಿಸಿದೆ. ಒಂದಾದಾಗ ಎದೆಯೊಳಗೆ ಏನೋ ಚಿಲಕ ಬಿದ್ದಂತಾಯಿತು. ಅರಗು ಸುರಿದೆ.

ಮಾವ ನೋಡುತ್ತಿದ್ದರು. ಆಮೇಲೆ ಬದಿಗಿದ್ದ ಮುದ್ರೆಯನ್ನು ನನ್ನ ಕೈಗೆ ಕೊಟ್ಟರು.

ಮುಂದಿನ ವಾರ ಡಾಕ್ಟರು ಮತ್ತೆ ಸ್ಕ್ಯಾನ್ ಮಾಡಿಸಿ, ಕವಾಟ ಚೆನ್ನಾಗಿಯೇ ಮುಚ್ಚುತ್ತಿದೆ, ಹಿಂದೆ ಚಿತ್ರ ತೆಗೆದವನಿಗೆ ಕಣ್ಣಿರಲಿಲ್ಲ ಎಂದು ಯಾರನ್ನೋ ಬೈದರಂತೆ. ಮಾವ ಈಗ ಮೆಟ್ಟಿಲು ಹತ್ತಿದರೆ ಯಂತ್ರ ತನ್ನ ಪಾಡಿಗೆ ತಾನಿರುತ್ತಿತ್ತು. ನಾನು ಹತ್ತಿದರೆ ಚುರುಕಾಗುತ್ತಿತ್ತು.

ಅದನ್ನು ಕೊಡದೆ ಇಟ್ಟುಕೊಳ್ಳೋಣ ಎಂದರು ಅತ್ತೆ. ಆದರೆ ಮಾವ ಮಾತು ಕೊಟ್ಟಾಗಿತ್ತು, ಮೇಡಂ ಗಾಡಿ ತಂದು ನಿಂತಿದ್ದರು. ಮಾವ ಬ್ಯಾಟರಿ ಜೋಡಿಸಿದರು, ಕರೆಂಟು ಹೋದರೂ ಮೂರು ದಿನ ಓಡುವಂಥದ್ದು. ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದರು: ಯಾವ ಕಾರಣಕ್ಕೂ ನಿಲ್ಲಿಸಬಾರದು. ಶಾಲೆ ಬಿಟ್ಟು ಆರು ವರ್ಷಕ್ಕೆ ನಾನು, ಒಂದು ಲೆಕ್ಕದಲ್ಲಿ, ತರಗತಿಯೊಳಗೆ ಹೋದೆ.

ನಿನ್ನೆ ಮೇಡಂ ಫೋನು ಮಾಡಿದರು. ಮಾವ ಮನೆಯಲ್ಲಿರಲಿಲ್ಲ. ನಾನೇ ಎತ್ತಬೇಕಾಯಿತು.

"ತುಂಬಾ ಚೆನ್ನಾಗಿದೆ ಅಂತ ಹೇಳಮ್ಮ ಅವರಿಗೆ. ಒಂದೇ ತೊಂದರೆ. ಆಗಾಗ ಕಾರಣ ಇಲ್ಲದೆ ಓಡೋಕೆ ಶುರುಮಾಡುತ್ತೆ. ಮಂಗಳವಾರ ಹನ್ನೊಂದಕ್ಕೆ ಎಂಥಾ ಓಟ ಅಂತೀಯ, ಹುಡುಗೀರೆಲ್ಲ ಬಿದ್ದು ಬಿದ್ದು ನಕ್ಕರು."

ಮಂಗಳವಾರ ಹನ್ನೊಂದಕ್ಕೆ ಬೀಗದವನು ಹಿಂದಿನ ದಿನ ಒಯ್ದಿದ್ದ ಏಣಿ ಹಿಂದಿರುಗಿಸಲು ಬಂದಿದ್ದ. ಹೋಗುವಾಗ, "ಆವತ್ತು ನೀವು ಸೂಜಿ ಹಿಡಿದಿದ್ದು ಇನ್ನೂ ಕಣ್ಣಲ್ಲೇ ಇದೆ" ಎಂದಿದ್ದ. ನಾನು ತಲೆ ಎತ್ತಿರಲಿಲ್ಲ.

"ಇನ್ನೊಂದು ವಿಷಯ," ಎಂದರು ಮೇಡಂ. "ನಾಳೆಯಿಂದ ಒಂದು ತಿಂಗಳು ರಜೆ. ಇದರ ಪಕ್ಕದಲ್ಲೇ ನಿಂತಿದೀನಿ. ಸುಮ್ನೆ ಯಾಕೆ ಓಡಿಸೋದು, ಆಫ್ ಮಾಡಿ ಹೋಗ್ಲಾ?"

ಫೋನಿನೊಳಗಿಂದ ಅದರ ಸದ್ದು ಕೇಳುತ್ತಿತ್ತು.

"ಬೇಡ!" ಎಂದೆ. ಕೆಳಗೆ ಬೀಗದ ಅಂಗಡಿಯಲ್ಲಿ ಸುತ್ತಿಗೆ ನಿಂತಿತು. "ಮುಟ್ಟಬೇಡಿ. ಬೀಗದ ಕೈ ಕೊಡಿ, ನಾನೇ ದಿನಾ ಬಂದು ನೋಡ್ಕೋತೀನಿ. ಮುಟ್ಟಬೇಡಿ ಮೇಡಂ!"

"ಆಯ್ತಮ್ಮ, ಆಯ್ತು, ಅದಕ್ಕೆ ಹಾಗೆ ಕಿರುಚೋದಾ?" ಎಂದು ನಕ್ಕವರು ತಟ್ಟನೆ ನಗು ನಿಲ್ಲಿಸಿದರು. "ಅರೆ... ಇದು ನೋಡು, ಮತ್ತೆ ಶುರುವಾಯ್ತು."